ಮೊದಲ ವಿದೇಶಿ ಏರ್ ಶೋ: ಜುಲೈ ಪ್ರಯಾಣದ ಕೆಲಸ ನವೆಂಬರಿನಲ್ಲೇ ಶುರು

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು. ಪುಣೆಯ ಚಿಂಚವಾಡದಲ್ಲಿ ನೆಲೆಸಿದ್ದೇವೆ. ಯಲಹಂಕದ ಏರೋ ಇಂಡಿಯಾ ನೋಡಿ ಬಂದಾಗಿನಿಂದ 13 ವರ್ಷದ ಮಗನಿಗೆ ವಿಮಾನದ ಹುಚ್ಚು. ಮುಂದಿನ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ನಡೆಯುವ ಏರ್ ಟ್ಯಾಟೂ ಎಂಬ ಸೇನಾ ವಿಮಾನಗಳ ಪ್ರದರ್ಶನಕ್ಕೆ ಕರೆದೊಯ್ಯುವ ಮನಸ್ಸಿದೆ. ಪ್ಯಾರಿಸ್, ದುಬೈ, ಸಿಂಗಪುರದ ಹೆಸರೂ ಕೇಳಿದ್ದೇವೆ. ಹೋಗುವವರು ಮೂವರು: ನಾನು, ಮಗ ಮತ್ತು 69 ವರ್ಷದ ನನ್ನ ತಂದೆ. ಅವರಿಗೆ ಮಂಡಿನೋವು. ಹೆಂಡತಿಗೆ ರಜೆ ಸಿಗುವುದಿಲ್ಲ. ಯಾವ ಶೋ ಆರಿಸಬೇಕು? ವೀಸಾ, ಟಿಕೆಟ್, ಹೋಟೆಲು, ಇವುಗಳಲ್ಲಿ ಯಾವುದು ಮೊದಲು? ಎಷ್ಟು ಖರ್ಚು? ಮಗನಿಗೆ ಯಾವ ಕ್ಯಾಮೆರಾ?

ಉತ್ತರ: ಪ್ಯಾರಿಸ್ ಮತ್ತು ದುಬೈ ಎರಡನ್ನೂ ಮೊದಲೇ ಪಟ್ಟಿಯಿಂದ ತೆಗೆದುಬಿಡಿ. ಹೆಸರು ಏರ್ ಶೋ ಎಂದಿದ್ದರೂ ಅವು ಮೂಲತಃ ವಿಮಾನ ಕಂಪನಿಗಳ ಮಾರಾಟ ಮೇಳಗಳು. ಪ್ಯಾರಿಸ್‌ನ ಲೆ ಬೂರ್ಜೆ ಮೇಳ ನಡೆಯುವುದು ಬೆಸ ಸಂಖ್ಯೆಯ ವರ್ಷಗಳ ಜೂನ್‌ನಲ್ಲಿ. ಸೋಮವಾರದಿಂದ ಗುರುವಾರದವರೆಗೆ ವ್ಯವಹಾರದವರಿಗೆ ಮಾತ್ರ ಪ್ರವೇಶ, ಸಾಮಾನ್ಯರಿಗೆ ಬಾಗಿಲು ತೆರೆಯುವುದು ಶುಕ್ರವಾರ. ದುಬೈ ಮೇಳವೂ ಬೆಸ ವರ್ಷಗಳದ್ದೇ, ನವೆಂಬರಿನಲ್ಲಿ, ಮತ್ತು ಅದು ಪೂರ್ತಿ ಉದ್ಯಮದವರದು. ಲಂಡನ್ ಬಳಿಯ ಫಾರ್ನ್‌ಬರೋ ಸಮ ವರ್ಷಗಳ ಜುಲೈನಲ್ಲಿ ನಡೆಯುತ್ತದೆ. ಏರ್ ಟ್ಯಾಟೂ ಆದ ಬೆನ್ನಿಗೇ ಬರುವುದರಿಂದ ಅನೇಕರು ಎರಡನ್ನೂ ಒಂದೇ ಎಂದುಕೊಂಡು ತಪ್ಪು ಟಿಕೆಟ್ ಕೊಳ್ಳುತ್ತಾರೆ. ಅಲ್ಲಿಯೂ ಸೂಟು ತೊಟ್ಟ ಖರೀದಿದಾರರಿಗೇ ಮಣೆ. ಹದಿಮೂರರ ಹುಡುಗ ಅಲ್ಲಿ ಮುಚ್ಚಿದ ಮಳಿಗೆಗಳ ಹೊರಗೆ ಅಲೆಯಬೇಕಾದೀತು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್‌ನಲ್ಲಿ ಜುಲೈ ಕೊನೆಗೆ ನಡೆಯುವ ಏರ್‌ವೆಂಚರ್ ಇನ್ನೊಂದು ಬಗೆಯದು. ಅಲ್ಲಿಗೆ ಜನ ತಮ್ಮ ಸ್ವಂತ ವಿಮಾನ ಹಾರಿಸಿಕೊಂಡು ಬಂದು, ರೆಕ್ಕೆಯ ಕೆಳಗೆ ಡೇರೆ ಹಾಕಿ ಒಂದು ವಾರ ಇರುತ್ತಾರೆ. ವಿಮಾನ ಕಟ್ಟುವುದರಲ್ಲಿ ಆಸಕ್ತಿ ಇದ್ದವರಿಗೆ ಅದಕ್ಕೆ ಸಾಟಿ ಇಲ್ಲ. ಆದರೆ ಅಮೆರಿಕದ ವೀಸಾ ಸಂದರ್ಶನಕ್ಕೆ ಮುಂಬಯಿಯಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಮೊದಲ ಪ್ರಯಾಣಕ್ಕೆ ಅದು ಬೇಡ.

ಉಳಿಯುವುದು ಎರಡು: ಏರ್ ಟ್ಯಾಟೂ ಮತ್ತು ಸಿಂಗಪುರ. ರಾಯಲ್ ಇಂಟರ್‌ನ್ಯಾಷನಲ್ ಏರ್ ಟ್ಯಾಟೂ 1971ರಲ್ಲಿ ಶುರುವಾದದ್ದು, 1985ರಿಂದ ಗ್ಲಾಸ್ಟರ್‌ಶೈರಿನ ಫೇರ್‌ಫರ್ಡ್ ವಾಯುನೆಲೆಯಲ್ಲಿ ನೆಲೆಯೂರಿದೆ. ಜುಲೈ ಮಧ್ಯದ ಒಂದು ವಾರಾಂತ್ಯ, ಶುಕ್ರವಾರದಿಂದ ಭಾನುವಾರದವರೆಗೆ ನಡೆಯುತ್ತದೆ. ಬೆಳಗ್ಗೆ ಹತ್ತರ ಸುಮಾರಿಗೆ ಹಾರಾಟ ಶುರುವಾದರೆ ಸಂಜೆಯವರೆಗೆ ಬಿಡುವಿಲ್ಲ. ನೆಲದ ಮೇಲೆ ನಿಲ್ಲಿಸಿದ ವಿಮಾನಗಳೇ ಒಂದು ದಿನದ ನೋಟ. ಸಿಂಗಪುರದ್ದು ಸಮ ವರ್ಷಗಳ ಫೆಬ್ರವರಿಯಲ್ಲಿ, ಚಾಂಗಿ ಎಕ್ಸಿಬಿಷನ್ ಸೆಂಟರಿನಲ್ಲಿ. ಮೊದಲ ದಿನಗಳು ವ್ಯಾಪಾರಕ್ಕೆ, ಸಾಮಾನ್ಯರಿಗೆ ಶನಿವಾರ ಮತ್ತು ಭಾನುವಾರ. ಒಂದು ಸುತ್ತಿನ ಹಾರಾಟ ಸುಮಾರು ಒಂದು ಗಂಟೆಯದು. ಏರೋ ಇಂಡಿಯಾ ಕಂಡವರಿಗೆ ಅಲ್ಲಿನ ಪ್ರಮಾಣ ಬೆರಗು ಹುಟ್ಟಿಸದು. ನಮ್ಮ ಸಾರಂಗ್ ಹೆಲಿಕಾಪ್ಟರ್ ತಂಡ 2004ರಲ್ಲಿ ತನ್ನ ಮೊದಲ ಸಾರ್ವಜನಿಕ ಪ್ರದರ್ಶನ ನೀಡಿದ್ದು ಸಿಂಗಪುರದಲ್ಲೇ, ತೇಜಸ್ 2022ರಲ್ಲಿ ಅಲ್ಲಿ ಹಾರಿತು.

ಮಗ ಕೇಳಿದ್ದು ಯುದ್ಧವಿಮಾನಗಳ ಹಾರಾಟವಾದರೆ, ಖರ್ಚು ತಡೆದುಕೊಳ್ಳಬಲ್ಲಿರಾದರೆ, ಫೇರ್‌ಫರ್ಡ್‌ಗೇ ಹೋಗಿ. ತಂದೆಯವರ ಮಂಡಿಯೊಂದೇ ಲೆಕ್ಕವಾಗಿದ್ದರೆ ಐದೂವರೆ ಗಂಟೆಯ ವಿಮಾನಯಾನದ ಸಿಂಗಪುರ ಸುಲಭ ಎನ್ನುತ್ತಿದ್ದೆ. ಆದರೆ ಅಲ್ಲಿ ಫೆಬ್ರವರಿಯಲ್ಲೂ 31–32 ಡಿಗ್ರಿ ಸೆಕೆ, ನೆರಳು ಕಡಿಮೆ. ವಯಸ್ಸಾದವರಿಗೆ ಇಂಗ್ಲೆಂಡಿನ ಜುಲೈಯೇ ಹಿತ.

ಒಂದು ಮಾತು ಮೊದಲೇ ಗೊತ್ತಿರಲಿ. ಒಂದೇ ಒಂದು ವಿಮಾನವನ್ನು ನೆಚ್ಚಿಕೊಂಡು ಎಲ್ಲಿಗೂ ಹೋಗಬೇಡಿ. ಬರುವ ವಿಮಾನಗಳ ಪಟ್ಟಿ ಕೊನೆಯ ವಾರದವರೆಗೂ ಬದಲಾಗುತ್ತದೆ. ವಾಯುಪಡೆಗೆ ಬೇರೆ ಕರೆ ಬಂದರೆ, ಎಂಜಿನ್ ಕೆಟ್ಟರೆ, ಒಂದು ದೇಶದ ತುಕಡಿಯೇ ಇಲ್ಲವಾಗಬಹುದು. ಅದಕ್ಕೆ ಯಾರೂ ಹಣ ಮರಳಿಸುವುದಿಲ್ಲ.

ಯಾವುದು ಮೊದಲು, ಯಾವುದು ಆಮೇಲೆ

ಶೋ ದಿನಾಂಕ ಯಾರಿಗಾಗಿಯೂ ಕದಲುವುದಿಲ್ಲ. ಉಳಿದದ್ದನ್ನೆಲ್ಲ ಅದರಿಂದ ಹಿಂದಕ್ಕೆ ಎಣಿಸಬೇಕು. ನಮ್ಮ ಕಡೆಯವರು ಮಾಡುವ ದೊಡ್ಡ ತಪ್ಪೆಂದರೆ ಅಗ್ಗದ ವಿಮಾನ ಟಿಕೆಟ್ ಕಂಡ ತಕ್ಷಣ ಕೊಂಡು ಆಮೇಲೆ ಬಾಕಿ ಹೊಂದಿಸಹೋಗುವುದು. ಸರಿಯಾದ ಸರದಿ ಹೀಗೆ: ಪಾಸ್‌ಪೋರ್ಟ್, ಶೋ ಟಿಕೆಟ್, ರದ್ದು ಮಾಡಬಹುದಾದ ಹೋಟೆಲು, ವೀಸಾ, ಕೊನೆಗೆ ವಿಮಾನ ಟಿಕೆಟ್.

ಪಾಸ್‌ಪೋರ್ಟ್ ಮೂವರದ್ದೂ ಇವತ್ತೇ ತೆಗೆದು ನೋಡಿ. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷದ್ದು, ಮುಗಿದಿರುವುದು ಗೊತ್ತೇ ಆಗಿರುವುದಿಲ್ಲ. ಪುಣೆಯ ಮುಂಢವಾದಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ನವೆಂಬರಿನಲ್ಲಿ ಕೊಟ್ಟರೆ ಡಿಸೆಂಬರಿಗೆ ನಿರಾಳ.

ಏರ್ ಟ್ಯಾಟೂ ಟಿಕೆಟ್ ಮುಂಗಡವಾಗಿ ಮಾತ್ರ ಸಿಗುವುದು, ಗೇಟಿನಲ್ಲಿ ಮಾರಾಟವಿಲ್ಲ. ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಮಾರಾಟ ಶುರುವಾಗಿರುತ್ತದೆ, ಶನಿವಾರದ್ದು ಮೊದಲು ಖಾಲಿಯಾಗುತ್ತದೆ. ಅವರದೇ ಅಧಿಕೃತ ತಾಣದಿಂದ ಕೊಳ್ಳಿ, ಮರುಮಾರಾಟದವರ ಹತ್ತಿರ ಹೋಗಬೇಡಿ. ಎರಡು ದಿನದ ಟಿಕೆಟ್ ಕೊಳ್ಳಿ: ಶುಕ್ರವಾರ ಮತ್ತು ಭಾನುವಾರ. ಸತತ ಎರಡು ದಿನ ಬೇಡ ಎನ್ನುವುದಕ್ಕೆ ಎರಡು ಕಾರಣಗಳಿವೆ. ಇಂಗ್ಲೆಂಡಿನ ಹವೆ ಕೆಟ್ಟರೆ ಅಕ್ಕಪಕ್ಕದ ಎರಡು ದಿನವನ್ನೂ ಒಟ್ಟಿಗೇ ನುಂಗುತ್ತದೆ, ನಡುವೆ ಅಂತರವಿದ್ದರೆ ಒಂದಾದರೂ ಉಳಿದೀತು. ಎರಡನೆಯದು ತಂದೆಯವರ ಮಂಡಿ. ಶನಿವಾರ ಹತ್ತಿರದ ಊರಾದ ಸ್ವಿಂಡನ್‌ನಲ್ಲೇ ನಿಂತು, ಹಳೆಯ ಗ್ರೇಟ್ ವೆಸ್ಟರ್ನ್ ರೈಲ್ವೆ ಕಾರ್ಖಾನೆಯಲ್ಲಿರುವ ಸ್ಟೀಮ್ ಮ್ಯೂಸಿಯಂ ನೋಡಿ. ಪಿಂಪರಿ–ಚಿಂಚವಾಡದ ಶಾಪ್‌ಫ್ಲೋರ್ ಕಂಡವರಿಗೆ ಅಲ್ಲಿನ ಲೇತು, ಬಾಯ್ಲರುಗಳ ಮುಂದೆ ಮಧ್ಯಾಹ್ನ ಕಳೆದದ್ದೇ ಗೊತ್ತಾಗದು.

ಹವೆಯ ವಿಷಯ ಹೆದರಿಸಲು ಹೇಳಿದ್ದಲ್ಲ. 2008ರಲ್ಲಿ ಮಳೆಗೆ ಪಾರ್ಕಿಂಗ್ ಮೈದಾನಗಳು ಕೆಸರಾಗಿ ಇಡೀ ಏರ್ ಟ್ಯಾಟೂವೇ ರದ್ದಾಯಿತು.

ಟಿಕೆಟ್ ಕೊಂಡ ದಿನವೇ ಹೋಟೆಲು ಹಿಡಿಯಿರಿ. ಫೇರ್‌ಫರ್ಡ್ ಸಣ್ಣ ಊರು, ಅಲ್ಲಿ ಕೋಣೆ ಸಿಗದು. ಹತ್ತಿರದ ರೈಲು ನಿಲ್ದಾಣ ಸ್ವಿಂಡನ್. ಶೋ ದಿನಗಳಲ್ಲಿ ಅಲ್ಲಿಂದ ಮೈದಾನಕ್ಕೆ ವಿಶೇಷ ಬಸ್ ಓಡುತ್ತದೆ, ಅದರ ಟಿಕೆಟನ್ನೂ ಮೊದಲೇ ಕೊಳ್ಳಬೇಕು. ಸ್ವಿಂಡನ್ ತುಂಬಿದ್ದರೆ ರೈಲಿನಲ್ಲಿ ನೇರ ಬರಬಹುದಾದ ರೆಡಿಂಗ್ ನೋಡಿ. ಲಂಡನ್‌ನಿಂದ ದಿನಾ ಬಂದು ಹೋಗುವೆವು ಎಂಬ ಲೆಕ್ಕ ಹಾಕಬೇಡಿ. ಪ್ಯಾಡಿಂಗ್ಟನ್‌ನಿಂದ ಸ್ವಿಂಡನ್‌ಗೆ ರೈಲು ಒಂದು ತಾಸಿನದೇ, ಆದರೆ ಬಸ್ಸಿನ ಸರದಿ ಸೇರಿದರೆ ವಯಸ್ಸಾದವರಿಗೆ ದಿನ ವಿಪರೀತ ಉದ್ದವಾಗುತ್ತದೆ. ಕಾರು ಬಾಡಿಗೆಗೆ ಪಡೆಯಬಹುದು. ಅಲ್ಲಿಯೂ ಎಡಬದಿಯ ಸಂಚಾರವೇ, ನಮ್ಮ ಲೈಸೆನ್ಸ್ ಪ್ರವಾಸಿಗೆ ನಡೆಯುತ್ತದೆ. ಸಂಜೆ ಹೊರಬರುವಾಗ ಮಾತ್ರ ಹಳ್ಳಿ ರಸ್ತೆಗಳಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಳ್ಳುವಿರಿ. ಬಸ್ಸೇ ವಾಸಿ.

ವೀಸಾ ಕಡತ

ಬ್ರಿಟನ್ನಿನ ಸಂದರ್ಶಕ ವೀಸಾಕ್ಕೆ ಹೊರಡುವ ದಿನಕ್ಕಿಂತ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಅದಕ್ಕೂ ಮೊದಲು ಆಗದು. ಜುಲೈ ಮಧ್ಯಕ್ಕೆ ಹೊರಡುವವರಿಗೆ ಏಪ್ರಿಲ್ ಮಧ್ಯ ಎಂದಾಯಿತು. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರದಲ್ಲಿ ತೀರ್ಮಾನ ಬರುತ್ತದೆ, ಬೇಸಿಗೆ ರಜೆಯ ನೂಕುನುಗ್ಗಲಿನಲ್ಲಿ ತಡವಾಗಬಹುದು. ಏಪ್ರಿಲ್ ಮೂರನೆಯ ವಾರದಲ್ಲೇ ಮುಗಿಸಿ. ಪುಣೆಯಲ್ಲೇ ವೀಸಾ ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಕೇಂದ್ರವಿದೆ, ಮುಂಬಯಿಗೆ ಅಲೆಯಬೇಕಿಲ್ಲ. ಮೂವರಿಗೂ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ. ಮಗುವೂ ಬೆರಳಚ್ಚಿಗೆ ಬರಬೇಕು.

ತಾಯಿ ಜೊತೆಗೆ ಬರುತ್ತಿಲ್ಲವಾದ್ದರಿಂದ ಅವರ ಒಪ್ಪಿಗೆ ಪತ್ರ ಬೇಕು: ಮಗನ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಪ್ರಯಾಣದ ದಿನಾಂಕ, ಯಾರ ಜೊತೆ, ಎಲ್ಲಿ ಉಳಿಯುವುದು, ಸಹಿ, ಮತ್ತು ತಾಯಿಯ ಪಾಸ್‌ಪೋರ್ಟ್ ಅಥವಾ ಗುರುತುಪತ್ರದ ಪ್ರತಿ. ಅದರ ಇನ್ನೊಂದು ಪ್ರತಿ ನಿಮ್ಮ ಕೈಚೀಲದಲ್ಲೂ ಇರಲಿ, ಅಲ್ಲಿಯ ಇಮಿಗ್ರೇಷನ್ ಕೌಂಟರಿನಲ್ಲಿ ಕೇಳುವುದುಂಟು.

ಇನ್ನೊಂದು ತೊಡಕು ರಾಜ್ಯದ ಗಡಿ ದಾಟಿ ಬಂದ ನಮ್ಮಂಥವರದೇ. ಇಂಗ್ಲಿಷಿನಲ್ಲಿಲ್ಲದ ಪ್ರತಿ ಕಾಗದಕ್ಕೂ ದೃಢೀಕರಿಸಿದ ಅನುವಾದ ಬೇಕು. ತಂದೆಯವರ ಹೆಸರಿನ ಹೊಲದ ಪಹಣಿ ಕನ್ನಡದಲ್ಲಿರುತ್ತದೆ, ಇಲ್ಲಿ ಜಾಗ ತೆಗೆದುಕೊಂಡಿದ್ದರೆ ಇಲ್ಲಿನ ಪಹಣಿಯಾದ ಸಾತ್‌ಬಾರಾ ಮರಾಠಿಯಲ್ಲಿ. ಅನುವಾದಕರ ಹೆಸರು, ಸಂಪರ್ಕ, ದಿನಾಂಕ, ಸಹಿ, ಮೂಲಕ್ಕೆ ಸರಿಯಾಗಿದೆ ಎಂಬ ಒಂದು ವಾಕ್ಯ, ಇಷ್ಟಿಲ್ಲದಿದ್ದರೆ ಆ ಕಾಗದವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೆಸರಿನ ಕಾಗುಣಿತವೂ ಕಾಡುತ್ತದೆ. ಊರಿನ ದಾಖಲೆಯಲ್ಲಿ ಮನೆತನದ ಹೆಸರು ಕೊನೆಗೆ, ಇಲ್ಲಿನ ದಾಖಲೆಯಲ್ಲಿ ತಂದೆಯ ಹೆಸರು ನಡುವೆ, ಪಾಸ್‌ಪೋರ್ಟಿನಲ್ಲಿ ಬರೀ ಇನಿಷಿಯಲ್. ಈ ಮೂರೂ ಒಬ್ಬರೇ ಎಂದು ಒಂದು ಪ್ರಮಾಣಪತ್ರ ಮಾಡಿಸಿಡಿ.

ಅರ್ಜಿಗಳು ಹೆಚ್ಚಾಗಿ ಬೀಳುವುದು ಬ್ಯಾಂಕ್ ಲೆಕ್ಕದಲ್ಲಿ. ಆರು ತಿಂಗಳ ಸ್ಟೇಟ್‌ಮೆಂಟಿನ ಕೊನೆಯ ವಾರದಲ್ಲಿ ಭಾವಮೈದುನನಿಂದ ಮೂರು ಲಕ್ಷ ಬಂದು ಕೂತಿದ್ದರೆ ಅಧಿಕಾರಿಯ ಕಣ್ಣು ಅಲ್ಲೇ ಬೀಳುತ್ತದೆ. ಹಣ ಎಲ್ಲಿಂದ ಬಂತು ಎಂಬುದಕ್ಕೆ ಕಾಗದವಿರಬೇಕು: ಸಂಬಳದ ಚೀಟಿ, ಮುಗಿದ ಎಫ್‌ಡಿಯ ರಸೀದಿ, ಆದಾಯ ತೆರಿಗೆ ರಿಟರ್ನ್. ಆದ್ದರಿಂದ ಪ್ರವಾಸದ ಹಣವನ್ನು ನವೆಂಬರಿನಿಂದಲೇ ಆ ಖಾತೆಯಲ್ಲಿ ಕೂಡಿಹಾಕಿ. ತಂದೆಯವರ ಖರ್ಚು ನಿಮ್ಮದಾದರೆ ಹಾಗೆಂದು ಪತ್ರ ಬರೆದು ಸಂಬಂಧದ ದಾಖಲೆ ಲಗತ್ತಿಸಿ, ಅವರ ಪಿಂಚಣಿ ಪಾಸ್‌ಬುಕ್ಕನ್ನೂ ಸೇರಿಸಿ. ಕಂಪನಿಯಿಂದ ರಜೆಯ ಪತ್ರ ಪಡೆಯಿರಿ, ಮರಳಿ ಕೆಲಸಕ್ಕೆ ಹಾಜರಾಗುವ ದಿನಾಂಕ ಅದರಲ್ಲಿ ನಮೂದಾಗಿರಲಿ. ಶೋ ಟಿಕೆಟ್ ಮತ್ತು ಹೋಟೆಲ್ ಬುಕಿಂಗ್ ಈ ಕಡತಕ್ಕೆ ಬೆನ್ನೆಲುಬು. ನಿಗದಿತ ದಿನಾಂಕದ ಒಂದು ಕಾರ್ಯಕ್ರಮಕ್ಕೆ ಹೋಗಿ ಬರುವ ಕುಟುಂಬ ಎನ್ನುವುದು ಓದಿದ ಕೂಡಲೇ ತಿಳಿಯಬೇಕು. ವಿಮಾನ ಟಿಕೆಟ್ ಲಗತ್ತಿಸುವ ಅಗತ್ಯವಿಲ್ಲ. ತಿರಸ್ಕಾರವಾದರೆ ಶುಲ್ಕ ಮರಳುವುದಿಲ್ಲ.

ಘಟ್ಟ ಇಳಿದು ಸ್ವಿಂಡನ್‌ವರೆಗೆ

ವೀಸಾ ಕೈಗೆ ಬಂದ ದಿನವೇ ವಿಮಾನ ಟಿಕೆಟ್ ಕೊಳ್ಳಿ. ಜುಲೈ ದುಬಾರಿ ತಿಂಗಳು. ಮುಂಬಯಿಯಿಂದ ಲಂಡನ್‌ಗೆ ನೇರ ವಿಮಾನ ಮಂಡಿನೋವಿನವರಿಗೆ ಒಳ್ಳೆಯದು. ಗಲ್ಫ್ ಮಾರ್ಗ ಅಗ್ಗವಿದ್ದರೆ ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿರಲಿ. ಬೇರೆ ಬೇರೆ ಕೊಂಡರೆ ಮೊದಲ ವಿಮಾನ ತಡವಾದಾಗ ಎರಡನೆಯದರ ಹಣ ಹೋದಂತೆಯೇ. ತಂದೆಯವರಿಗೆ ವ್ಹೀಲ್‌ಚೇರ್ ನೆರವು ಬೇಕೆಂದು ಬುಕಿಂಗ್ ಮಾಡುವಾಗಲೇ ಹೇಳಿ, ಕಡೇಪಕ್ಷ 48 ತಾಸು ಮೊದಲು. ಅದಕ್ಕೆ ಶುಲ್ಕವಿಲ್ಲ. ನಡೆಯಬಲ್ಲವರಾದರೂ ತೆಗೆದುಕೊಳ್ಳಿ, ಹೀಥ್ರೋದಲ್ಲಿ ಗೇಟಿನಿಂದ ಇಮಿಗ್ರೇಷನ್‌ವರೆಗಿನ ದೂರ ಕಡಿಮೆಯದಲ್ಲ.

ಪುಣೆ, ಮುಂಬಯಿ, ಗೋವೆಯವರಿಗೆ ಜುಲೈ ಮಧ್ಯ ಎಂದರೆ ಭರ್ತಿ ಮಳೆಗಾಲ. ಚಿಂಚವಾಡದಿಂದ ಸಹಾರದಲ್ಲಿರುವ ಮುಂಬಯಿ ವಿಮಾನ ನಿಲ್ದಾಣದ ಟರ್ಮಿನಲ್ 2ಕ್ಕೆ ಮಾಮೂಲಿ ದಿನ ಮೂರು ತಾಸು ಸಾಕು. ಬೋರ್‌ಘಾಟಿನಲ್ಲಿ ಗುಡ್ಡ ಜರಿದರೆ ಅಥವಾ ಕುರ್ಲಾ–ಸಾಯನ್ ಹಳಿಯಲ್ಲಿ ನೀರು ನಿಂತರೆ ಯಾವ ಲೆಕ್ಕವೂ ನಡೆಯದು. ಹಿಂದಿನ ದಿನವೇ ಘಟ್ಟ ಇಳಿದು ಅಂಧೇರಿ ಪೂರ್ವದಲ್ಲಿ ಒಂದು ರಾತ್ರಿ ಇದ್ದುಬಿಡಿ. ನವಿ ಮುಂಬಯಿ ವಿಮಾನ ನಿಲ್ದಾಣವೂ ಈಗ ಶುರುವಾಗಿದೆ, ಟಿಕೆಟ್ಟಿನಲ್ಲಿ ಯಾವ ನಿಲ್ದಾಣವೆಂದು ಸರಿಯಾಗಿ ಓದಿ. ಗೋವೆಯಿಂದ ಹೊರಡುವವರಿಗೂ ದಾಬೋಳಿ, ಮೋಪಾ ಎಂಬ ಇದೇ ಗೊಂದಲವಿದೆ.

ಮಂಗಳವಾರ ಇಲ್ಲಿಂದ ಹೊರಟು, ಬುಧವಾರ ಬೆಳಗ್ಗೆಯ ಹೊತ್ತಿಗೆ ಹೀಥ್ರೋದಲ್ಲಿರುವ ಹಾಗೆ ನೋಡಿಕೊಳ್ಳಿ. ಅಲ್ಲಿಂದ ಸ್ವಿಂಡನ್‌ಗೆ ನ್ಯಾಷನಲ್ ಎಕ್ಸ್‌ಪ್ರೆಸ್ ಕೋಚ್ ನೇರ ಹೋಗುತ್ತದೆ. ಪೆಟ್ಟಿಗೆಗಳು ಕೆಳಗಿನ ಡಿಕ್ಕಿಗೆ, ಕೂತಲ್ಲೇ ನಿದ್ದೆ. ಲಂಡನ್ ಒಳಗೆ ಹೋಗಿ ರೈಲು ಬದಲಿಸುವ ಪಾಡು ತಪ್ಪುತ್ತದೆ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ನಾಲ್ಕೂವರೆ ತಾಸು ಹಿಂದೆ. ಹಾಗಾಗಿ ಮೊದಲೆರಡು ದಿನ ನಸುಕಿಗೇ ಎಚ್ಚರವಾಗುತ್ತದೆ, ಶೋಗೆ ಬೇಗ ಹೊರಡಲು ಅದು ಅನುಕೂಲವೇ. ಗುರುವಾರ ವಿಶ್ರಾಂತಿ ಮತ್ತು ಖರೀದಿ: ಮೂರು ಮಡಚುವ ಕುರ್ಚಿ, ರೇನ್‌ಕೋಟು, ನೀರಿನ ಬಾಟಲಿ. ಕುರ್ಚಿಯನ್ನು ಇಲ್ಲಿಂದ ಹೊರುವ ಅಗತ್ಯವಿಲ್ಲ, ಅಲ್ಲಿ ಸ್ವಲ್ಪ ಹಣಕ್ಕೇ ಸಿಗುತ್ತದೆ.

ಖರ್ಚಿನ ಅಂದಾಜು ಮೂವರಿಗೆ ಹೀಗೆ: ವಿಮಾನಕ್ಕೆ ತಲಾ 80 ಸಾವಿರದಂತೆ 2.4 ಲಕ್ಷ, ವೀಸಾ ಮತ್ತು ಅದರ ಸುತ್ತಿನ ಶುಲ್ಕ ಸುಮಾರು 50 ಸಾವಿರ, ಐದು ರಾತ್ರಿಯ ಹೋಟೆಲಿಗೆ 700 ಪೌಂಡ್, ಶೋಗೆ ದೊಡ್ಡವರಿಗೆ ದಿನಕ್ಕೆ ತಲಾ 80 ಪೌಂಡ್ ಹಿಡಿಯಿರಿ, ಊಟ–ಬಸ್ಸಿಗೆ ದಿನಕ್ಕೆ 70 ಪೌಂಡ್. ಒಟ್ಟು ನಾಲ್ಕೂವರೆಯಿಂದ ಐದೂವರೆ ಲಕ್ಷ. ಸಿಂಗಪುರವಾದರೆ ಸರಿಸುಮಾರು ಅರ್ಧ. ಬ್ರಿಟನ್ ವೀಸಾಕ್ಕೆ ಪ್ರವಾಸ ವಿಮೆ ಕಡ್ಡಾಯವಲ್ಲ, ಆದರೂ 69ರ ಹಿರಿಯರನ್ನು ವಿಮೆಯಿಲ್ಲದೆ ಕರೆದೊಯ್ಯಬೇಡಿ. ಮೊದಲೇ ಇರುವ ಕಾಯಿಲೆಗಳನ್ನು ಅರ್ಜಿಯಲ್ಲಿ ಬರೆಯಿರಿ, ಮುಚ್ಚಿಟ್ಟರೆ ಕ್ಲೇಮು ಬೀಳುತ್ತದೆ.

ಮೈದಾನದಲ್ಲಿ

ಬೆಳಗಿನ ಮೊದಲ ಬಸ್ಸುಗಳಲ್ಲೇ ಹೋಗಿ. ಹಾರಾಟ ಶುರುವಾಗುವ ಮುಂಚಿನ ಎರಡು ತಾಸು ನಿಂತ ವಿಮಾನಗಳನ್ನು ನೋಡಲು: ಜನ ಕಡಿಮೆ, ಬೆಳಕು ಓರೆ, ಬಿಸಿಗಾಳಿಯ ಅಲೆಯಿಲ್ಲ, ಸಿಬ್ಬಂದಿ ಮಕ್ಕಳೊಂದಿಗೆ ಮಾತಾಡುವ ಹುರುಪಿನಲ್ಲಿರುತ್ತಾರೆ. ಫೇರ್‌ಫರ್ಡ್ ರನ್‌ವೇ ಸುಮಾರು ಮೂರು ಕಿಲೋಮೀಟರ್ ಉದ್ದ, ಪ್ರೇಕ್ಷಕರ ಸಾಲೂ ಅದರ ಪಕ್ಕಕ್ಕೇ ಚಾಚಿಕೊಂಡಿದೆ. ಈ ತುದಿಯಿಂದ ಆ ತುದಿಗೆ ತಂದೆಯವರನ್ನು ನಡೆಸಬೇಡಿ. ಅವರಿಗೆ ಒಂದು ದಿನಕ್ಕಾದರೂ ಗ್ರ್ಯಾಂಡ್‌ಸ್ಟ್ಯಾಂಡ್ ಸೀಟು ತೆಗೆದುಕೊಳ್ಳಿ. ಬೇರೆ ಹಣವಾಗುತ್ತದೆ, ಆದರೆ ಕುರ್ಚಿಯ ಬೆನ್ನು, ಹತ್ತಿರದ ಶೌಚಾಲಯ, ಗುರುತಿನ ಜಾಗ ಮೂರೂ ಒಟ್ಟಿಗೆ ಸಿಗುತ್ತವೆ. ಜನಸಂದಣಿಯಲ್ಲಿ ಮೊಬೈಲ್ ಜಾಲ ಕೈಕೊಡುವುದರಿಂದ ಆ ಸೀಟೇ ಮೂವರೂ ಸೇರುವ ಠಾವಾಗಲಿ. ನಕ್ಷೆ ಮತ್ತು ಹಾರಾಟದ ವೇಳಾಪಟ್ಟಿಯನ್ನು ಹಿಂದಿನ ರಾತ್ರಿಯೇ ಫೋನಿಗೆ ಇಳಿಸಿಕೊಳ್ಳಿ.

ಎಲ್ಲಿ ನಿಲ್ಲಬೇಕು ಎಂಬುದು ಏನು ನೋಡಬೇಕು ಎಂಬುದರ ಮೇಲಿದೆ. ತಂಡಗಳ ಪ್ರದರ್ಶನವೆಲ್ಲ ಸಾಲಿನ ನಟ್ಟನಡುವಿನ ಒಂದು ಬಿಂದುವಿಗೆ ಹೊಂದಿಸಿ ಕಟ್ಟಿದ್ದು. ಹೊಗೆಯಲ್ಲಿ ಬರೆದ ಹೃದಯ ಹೃದಯವಾಗಿ ಕಾಣುವುದು, ಎದುರುಬದುರಾಗಿ ಬರುವ ಎರಡು ವಿಮಾನ ಒಂದನ್ನೊಂದು ಸವರಿದಂತೆ ಅನಿಸುವುದು ಅಲ್ಲಿಂದ ಮಾತ್ರ. ಪಕ್ಕದಿಂದ ನೋಡಿದರೆ ಅವು ಎಷ್ಟು ದೂರ ದೂರ ಹಾದುಹೋಗುತ್ತವೆ ಎಂಬ ಗುಟ್ಟು ಬಯಲಾಗುತ್ತದೆ. ಆಫ್ಟರ್‌ಬರ್ನರಿನ (ಎಂಜಿನ್ನಿನ ಹಿಂಬದಿಯಲ್ಲಿ ಹೆಚ್ಚುವರಿ ಇಂಧನ ಉರಿಸುವ ಭಾಗ) ಬೆಂಕಿಯೊಂದಿಗೆ ಏಳುವ ಯುದ್ಧವಿಮಾನ ನೋಡಬೇಕಾದರೆ ರನ್‌ವೇ ತುದಿಯ ಕಡೆ ಹೋಗಿ. ಶುಕ್ರವಾರ ನಡುವೆ, ಭಾನುವಾರ ತುದಿಗೆ ಎಂದು ಮಗನೊಂದಿಗೆ ಮೊದಲೇ ಮಾತಾಡಿಕೊಳ್ಳಿ.

ಮೋಡದ ಎತ್ತರ ಏನನ್ನು ಬದಲಿಸುತ್ತದೆ ಎಂಬುದು ತಿಳಿದಿದ್ದರೆ ಬೇಸರ ಕಡಿಮೆ. ಬ್ರಿಟನ್ ವಾಯುಪಡೆಯ ರೆಡ್ ಆರೋಸ್ ತಂಡ ಪೂರ್ತಿ ಲೂಪ್‌ಗಳ (ಆಕಾಶದಲ್ಲಿ ಮೇಲೆದ್ದು ಸುತ್ತುವ ವೃತ್ತ) ಪ್ರದರ್ಶನ ಕೊಡಬೇಕಾದರೆ ಮೋಡದ ತಳ 4,500 ಅಡಿಗಿಂತ ಮೇಲಿರಬೇಕು. 2,500ರಿಂದ 4,500ರ ನಡುವೆ ಇದ್ದರೆ ಲೂಪ್ ಬಿಟ್ಟು ಉರುಳುವ ಆಟ, ಅದಕ್ಕೂ ಕೆಳಗಾದರೆ ಬರೀ ಚಪ್ಪಟೆ ಹಾದಿಯ ಹಾರಾಟ. ಅವರು ಹಾರಿಸುವುದು ಹಾಕ್ ವಿಮಾನ. ನಮ್ಮ ಬೀದರಿನಲ್ಲಿ ನೆಲೆ ಹೊಂದಿರುವ ಸೂರ್ಯಕಿರಣ್ ತಂಡದ್ದೂ ಅದೇ ಕುಲದ್ದು. ಎರಡೂ ಒಂಬತ್ತರ ತಂಡಗಳೇ, ಹೋಲಿಸಿ ನೋಡುವ ಅವಕಾಶ ಮಗನಿಗೆ. ಇಟಲಿಯ ಫ್ರೆಚೆ ತ್ರಿಕಲೋರಿ ಬಂದಿದ್ದರೆ ಎಣಿಸಿ ನೋಡಲಿ, ಅವರು ಹತ್ತು.

ಕಿವಿಯ ರಕ್ಷಣೆ ಮರೆಯುವವರೇ ಹೆಚ್ಚು. ಹುಡುಗನಿಗೆ ಇಯರ್‌ಮಫ್, ದೊಡ್ಡವರಿಗೆ ಫೋಮ್ ಪ್ಲಗ್ ಸಾಕು. ತಂದೆಯವರು ಶ್ರವಣಯಂತ್ರ ಹಾಕುತ್ತಿದ್ದರೆ ಜೆಟ್ ಹಾರುವಾಗ ಅದನ್ನು ತಗ್ಗಿಸಬೇಕು. ತಣ್ಣನೆಯ ಗಾಳಿಗೆ ಮೋಸಹೋಗಿ ಟೋಪಿ, ಸನ್‌ಸ್ಕ್ರೀನ್ ಬಿಟ್ಟರೆ ಸಂಜೆಗೆ ಮೂಗು ಸುಟ್ಟಿರುತ್ತದೆ. ಛತ್ರಿ ಬಿಚ್ಚಿದರೆ ಹಿಂದಿನವರು ಬೈಯುತ್ತಾರೆ, ರೇನ್‌ಕೋಟೇ ಸರಿ.

ಬೇಲಿಯ ಹೊರಗೆ ಪುಕ್ಕಟೆ ನೋಡೋಣ ಎಂದು ಯಾರಾದರೂ ಹುರಿದುಂಬಿಸಿಯಾರು. 1988ರಲ್ಲಿ ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ವಿಮಾನಗಳು ಡಿಕ್ಕಿ ಹೊಡೆದು ಜನರ ಮೇಲೆ ಬಿದ್ದ ಬಳಿಕ ಪ್ರೇಕ್ಷಕರ ಸಾಲಿಗೂ ಹಾರಾಟಕ್ಕೂ ನಡುವಿನ ಅಂತರದ ನಿಯಮಗಳು ಬಿಗಿಯಾದವು. ಆದರೆ ಆ ಅಂತರದ ಲೆಕ್ಕ ಕಾಯುವುದು ಒಳಗಿನವರನ್ನು. 2015ರಲ್ಲಿ ಇಂಗ್ಲೆಂಡಿನ ಶೋರಮ್‌ನಲ್ಲಿ ಹಂಟರ್ ವಿಮಾನ ಬಿದ್ದಾಗ ಸತ್ತ ಹನ್ನೊಂದು ಮಂದಿಯೂ ಹೊರಗಿನ ರಸ್ತೆಯಲ್ಲಿದ್ದವರು.

ಕ್ಯಾಮೆರಾ

ಹಾರುವ ವಿಮಾನಕ್ಕೆ ಮೊಬೈಲ್ ಪ್ರಯೋಜನವಿಲ್ಲ, ನಿಂತ ವಿಮಾನಕ್ಕೆ ಅದೇ ಚೆನ್ನ. ಮನೆಯಲ್ಲಿ ಎಪಿಎಸ್‌–ಸಿ (ಫುಲ್ ಫ್ರೇಮಿಗಿಂತ ಚಿಕ್ಕ) ಸೆನ್ಸರಿನ ಹಳೆಯ ಡಿಎಸ್‌ಎಲ್‌ಆರ್ ಇದ್ದರೆ ಹೊಸ ಬಾಡಿ ಕೊಳ್ಳಬೇಡಿ. ಪುಣೆಯಲ್ಲೇ 100–400 ಮಿ.ಮೀ. ಲೆನ್ಸ್ ಬಾಡಿಗೆಗೆ ಸಿಗುತ್ತದೆ, ಆ ಸೆನ್ಸರಿನಲ್ಲಿ 400 ಎನ್ನುವುದು 600ರಷ್ಟು ಹತ್ತಿರ ತರುತ್ತದೆ. 150–600 ಲೆನ್ಸ್‌ನ ತೂಕವನ್ನು ಹದಿಮೂರರ ತೋಳು ದಿನವಿಡೀ ತಾಳದು.

ಹೊಸಬರ ಚಿತ್ರ ಕೆಡುವುದು ಷಟರ್ ವೇಗದಲ್ಲಿ. ಜೆಟ್‌ಗೆ 1/1000 ಸೆಕೆಂಡ್ ಅಥವಾ ಅದಕ್ಕೂ ವೇಗ. ಅದೇ ವೇಗದಲ್ಲಿ ಪ್ರೊಪೆಲರ್ ವಿಮಾನ ತೆಗೆದರೆ ಅದರ ಪಂಖ ಕಲ್ಲಾಗಿ ನಿಂತು, ಎಂಜಿನ್ ಕೆಟ್ಟು ಆಕಾಶದಲ್ಲಿ ತೂಗುಬಿಟ್ಟಂತೆ ಕಾಣುತ್ತದೆ. ಪ್ರೊಪೆಲರಿಗೆ 1/160ರಿಂದ 1/250, ಹೆಲಿಕಾಪ್ಟರಿಗೆ 1/80ರಿಂದ 1/125 ಇಡಬೇಕು. ಇಷ್ಟು ನಿಧಾನದಲ್ಲಿ ವಿಮಾನದ ಜೊತೆಗೇ ಸೊಂಟ ತಿರುಗಿಸುತ್ತ ಹೋಗದಿದ್ದರೆ ಎಲ್ಲವೂ ಮಸುಕು. ಅದಕ್ಕೆ ಅಭ್ಯಾಸ ಬೇಕು. ಮನೆಯ ಹತ್ತಿರದ ಹೆದ್ದಾರಿಯಲ್ಲಿ ಓಡುವ ಬೈಕುಗಳನ್ನು 1/125ರಲ್ಲಿ ಕೆಲವು ಭಾನುವಾರ ತೆಗೆಯಲಿ. ಪುಣೆಯ ಲೋಹಗಾಂವ್ ಅಥವಾ ಗೋವೆಯ ದಾಬೋಳಿ ವಿಮಾನ ನಿಲ್ದಾಣದ ಹೊರಗೆ ಹೋಗಿ ಕಲಿಯಬೇಡಿ. ಒಂದು ವಾಯುಪಡೆಯದು, ಇನ್ನೊಂದು ನೌಕಾಪಡೆಯದು, ಪೊಲೀಸರಿಗೆ ಉತ್ತರ ಹೇಳುವಿರಿ.

ಬಿಳಿಮೋಡದ ಹಿನ್ನೆಲೆಯಲ್ಲಿ ವಿಮಾನ ಕಪ್ಪು ನೆರಳಾಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಅನ್ನು +0.7ರಿಂದ +1ಕ್ಕೆ ಏರಿಸಿ, ನೀಲಿ ಆಕಾಶಕ್ಕೆ ಸೊನ್ನೆಗೆ ತನ್ನಿ. ಮೋಡ ಕವಿದ ತೇವದ ದಿನವನ್ನು ಹಳಿಯಬೇಡಿ. ಜೋರಾಗಿ ತಿರುಗುವ ಜೆಟ್‌ನ ರೆಕ್ಕೆಯ ಮೇಲೆ ಹಬೆಯ ಬಿಳಿ ಹೊದಿಕೆ ಮೂಡುವುದು ಅಂಥ ಗಾಳಿಯಲ್ಲೇ. ಬಿಸಿಲಿನ ಮಧ್ಯಾಹ್ನ ದೂರದ ರನ್‌ವೇ ಚಿತ್ರಗಳು ಕಲಕಿದಂತೆ ಬಂದರೆ ಅದು ಲೆನ್ಸಿನ ದೋಷವಲ್ಲ, ನೆಲದಿಂದೇಳುವ ಬಿಸಿಗಾಳಿ. ಆಗ ಕ್ಯಾಮೆರಾ ಕೆಳಗಿಟ್ಟು ಬೈನಾಕ್ಯುಲರ್ ಹಿಡಿಯಲಿ, 8×42 ಸಾಕು.

ಬ್ಯಾಗು ಮತ್ತು ಕಾನೂನು

ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಎರಡೂ ಕೈಚೀಲದಲ್ಲೇ ಇರಬೇಕು. ಮಿತಿ 100 ವ್ಯಾಟ್–ಅವರ್. 20,000 ಎಂಎಎಚ್‌ನದು 74 ಆಗುತ್ತದೆ, ಅಡ್ಡಿಯಿಲ್ಲ. ಸಿಂಗಪುರ್ ಏರ್‌ಲೈನ್ಸ್, ಎಮಿರೇಟ್ಸ್ ಮುಂತಾದವು 2025ರಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಸುವುದನ್ನು ನಿಲ್ಲಿಸಿವೆ. ದುಬಾರಿ ಕ್ಯಾಮೆರಾ ಒಯ್ಯುವುದಾದರೆ ಹೊರಡುವಾಗ ಮುಂಬಯಿಯ ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಿ, ಸೀರಿಯಲ್ ನಂಬರು ನಮೂದಿಸಿದ ರಫ್ತು ಪ್ರಮಾಣಪತ್ರ ಪಡೆಯಿರಿ. ಮರಳುವಾಗ ಇದು ಹೊಸದು, ಸುಂಕ ಕಟ್ಟಿ ಎಂಬ ವಾದಕ್ಕೆ ಎಡೆಯಿರುವುದಿಲ್ಲ. ಡ್ರೋನ್ ಮನೆಯಲ್ಲೇ ಇರಲಿ. ಪೈಲಟ್‌ಗಳ ಮಾತು ಕೇಳುವ ರೇಡಿಯೊ ಅಲ್ಲಿನ ಮಳಿಗೆಗಳಲ್ಲಿ ಮಾರುತ್ತಾರೆ, ಆದರೆ ನಮಗಾಗಿ ಅಲ್ಲದ ಪ್ರಸಾರ ಕೇಳುವುದನ್ನು ಬ್ರಿಟನ್ನಿನ ಕಾನೂನು ಒಪ್ಪುವುದಿಲ್ಲ. ಭಾರತಕ್ಕೆ ತರಲೂ ತೊಡಕು.

ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಳ್ಳಿ. ವಾರವಿಡೀ ಕೆಡುವುದಿಲ್ಲ, ಮೈದಾನದ ಬರ್ಗರ್ ಸಾಲಿನಿಂದಲೂ ಮುಕ್ತಿ. ತುಪ್ಪ ಮತ್ತು ಪೇಡೆ ಬೇಡ, ಭಾರತದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವುದಕ್ಕೆ ಬ್ರಿಟನ್‌ನಲ್ಲಿ ನಿಷೇಧವಿದೆ. ಹಸಿ ಕರಿಬೇವೂ ಹಾಗೆಯೇ. ಅಮೀನಗಡದ ಕರದಂಟಿನಲ್ಲೂ ತುಪ್ಪವಿರುವುದರಿಂದ ಬಿಟ್ಟುಬಿಡುವುದೇ ಲೇಸು.

ಇಂಗ್ಲೆಂಡಿನಲ್ಲಿ ವಿಮಾನ ನೋಡುವ ಹವ್ಯಾಸಕ್ಕೆ ಮಾನವಿದೆ, ಎಲ್ಲ ಕಡೆ ಹಾಗಿಲ್ಲ. 2001ರಲ್ಲಿ ಗ್ರೀಸಿನ ಕಲಮಾಟಾ ವಾಯುನೆಲೆಯಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದ ಹನ್ನೆರಡು ಬ್ರಿಟಿಷರನ್ನೂ ಇಬ್ಬರು ಡಚ್ಚರನ್ನೂ ಗೂಢಚಾರರೆಂದು ಹಿಡಿದರು, ಮೇಲ್ಮನವಿಯಲ್ಲಿ ಖುಲಾಸೆಯಾಗಲು ಒಂದು ವರ್ಷ ಹಿಡಿಯಿತು. ಗಲ್ಫ್ ಮಾರ್ಗದಲ್ಲಿ ಇಳಿದು ಹತ್ತುವಾಗ ಮಗ ಕಿಟಕಿಯಿಂದ ಮಿಲಿಟರಿ ವಿಮಾನಗಳ ಚಿತ್ರ ತೆಗೆಯದಂತೆ ನೋಡಿಕೊಳ್ಳಿ.

ಭಾನುವಾರ ರಾತ್ರಿಗೇ ಮರಳುವ ಟಿಕೆಟ್ ಮಾಡಬೇಡಿ. ಶೋಗೆ ಬಂದ ವಿಮಾನಗಳೆಲ್ಲ ಸೋಮವಾರ ಒಂದೊಂದಾಗಿ ತಮ್ಮ ದೇಶಕ್ಕೆ ಹೊರಡುತ್ತವೆ, ಅದನ್ನು ನೋಡಲೆಂದೇ ಪಾರ್ಕ್ ಅಂಡ್ ವ್ಯೂ ಎಂಬ ಬೇರೆ ಟಿಕೆಟ್ ಇದೆ. ಆಟಪಾಟವಿಲ್ಲದಿದ್ದರೂ ಭಾರಿ ಸಾಗಣೆ ವಿಮಾನಗಳು ಏಳುವುದನ್ನು ನಿರಾಳವಾಗಿ ನೋಡಬಹುದು. ತಂದೆಯವರಿಗೆ ಸಾಕಾಗಿದ್ದರೆ ಹೋಟೆಲಿನಲ್ಲೇ ಉಳಿಯಲಿ.

ಇಷ್ಟಾಗಿಯೂ ಮೇ ಕೊನೆಯವರೆಗೆ ವೀಸಾ ಬಾರದಿದ್ದರೆ ಅಥವಾ ತಿರಸ್ಕಾರವಾದರೆ ಹೋಟೆಲನ್ನು ಅವಧಿಯೊಳಗೆ ರದ್ದು ಮಾಡಿ, ವಿಮಾನ ಟಿಕೆಟ್ ಕೊಂಡಿಲ್ಲವಾದ್ದರಿಂದ ನಷ್ಟ ವೀಸಾ ಶುಲ್ಕ ಮತ್ತು ಶೋ ಟಿಕೆಟ್ಟಿಗೇ ನಿಲ್ಲುತ್ತದೆ. ಆಗ ಮುಂದಿನ ವರ್ಷ ಸಮವಾದರೆ ಸಿಂಗಪುರ, ಬೆಸವಾದರೆ ಮಲೇಷ್ಯಾದ ಲಂಗಕಾವಿಯಲ್ಲಿ ನಡೆಯುವ ಲಿಮಾ ಮೇಳದ ದಿನಾಂಕ ನೋಡಿ. ಲಿಮಾದಲ್ಲಿ 2019ರಲ್ಲಿ ತೇಜಸ್ ಹಾರಿತ್ತು. ಮಲೇಷ್ಯಾ ಭಾರತೀಯರಿಗೆ 30 ದಿನದ ವೀಸಾರಹಿತ ಪ್ರವೇಶವನ್ನು 2026ರ ಕೊನೆಯವರೆಗೆ ಕೊಟ್ಟಿದೆ, ಡಿಜಿಟಲ್ ಆಗಮನ ಚೀಟಿ ಮಾತ್ರ ತುಂಬಬೇಕು. ಸಿಂಗಪುರಕ್ಕೆ ವೀಸಾ ಬೇಕು, ಅಧಿಕೃತ ಏಜೆಂಟರ ಮೂಲಕ ಆಗುತ್ತದೆ. ಅಲ್ಲಿನ ಆಗಮನ ಚೀಟಿ ಪುಕ್ಕಟೆ, ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಸರ್ಕಾರಿ ತಾಣದಲ್ಲೇ ತುಂಬಿ. ಹಣ ಕೇಳುವ ತಾಣ ಕಂಡರೆ ಅದು ಬೇರೆಯವರದು.